ಖಾದರ್ ಭಾಯ್ ಸೀಟಿನ ಕೆಳಗಿನ ಪೆಟ್ಟಿಗೆ

ಪ್ರವಾಸದ ಕಂಪನಿಗಳಲ್ಲಿ ಕೆಲಸಕ್ಕೆ ಸೇರುವ ಮಕ್ಕಳೇ, ನಿಮ್ಮ ಕೈಗೆ ಕೊಡುವ ಬಣ್ಣದ ಪುಸ್ತಕಗಳನ್ನು ನಾನೂ ನೋಡಿದ್ದೇನೆ. ನಮ್ಮ ಅಕ್ಕನ ಮೊಮ್ಮಗಳು ಇದೇ ವಿದ್ಯೆ ಓದುತ್ತಿದ್ದಾಳೆ. ಮೊನ್ನೆ ಆರ್.ಟಿ. ನಗರದ ನಮ್ಮ ಮನೆಗೆ ಬಂದಾಗ ಒಂದನ್ನು ತಂದು ತೋರಿಸಿದಳು. ನೀಲಿ ಸಮುದ್ರ, ಬಿಳಿ ಮರಳು, ದ್ವೀಪದಲ್ಲೊಂದು ಮೇಜು, ಮೇಜಿನ ಮೇಲೆ ವೈನ್ ತುಂಬಿದ ಗಾಜಿನ ಲೋಟ. ಆ ಮೇಜನ್ನೂ ಲೋಟವನ್ನೂ ಅಲ್ಲಿಗೆ ಹೊತ್ತು ತಂದವನ ಚಿತ್ರ ಮಾತ್ರ ಎಲ್ಲೂ ಇಲ್ಲ. "ತಾತ, ನಿಮ್ ಕಾಲದಲ್ಲೂ ವೈನ್ ಟೂರ್ ಇತ್ತಾ?" ಅಂತ ಬೇರೆ ಕೇಳಿದಳು. ಇತ್ತು ಕಣಮ್ಮ, ಚೆನ್ನಾಗೇ ಇತ್ತು. ಅದನ್ನು ನೆನೆಸಿಕೊಂಡರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿದ್ದು, ಬಡ್ತಿ ಬಂದದ್ದು, ನಿವೃತ್ತಿಯ ದಿನ ಹಾರ ಹಾಕಿದ್ದು, ಇವನ್ನೆಲ್ಲ ಕೇಳಿ ನಿಮಗೇನೂ ಆಗಬೇಕಾಗಿಲ್ಲ.

ನಾನು ಹೆಬ್ಬಾಳದವನು. ಆಗ ಹೆಬ್ಬಾಳ ಅಂದರೆ ಕೆರೆ, ಕೆರೆಯ ಹಿಂದೆ ತೋಟ, ತೋಟದ ತುಂಬ ದ್ರಾಕ್ಷಿ ಚಪ್ಪರ. ಯಲಹಂಕ ದಾಟಿ ರಾಜಾನುಕುಂಟೆಯವರೆಗೂ ಅದೇ ನೋಟ. ಕಪ್ಪಗೆ, ಬೀಜ ದಪ್ಪಗಿರುವ, ಬಾಯಿಗೆ ಹಾಕಿದರೆ ಸಿಪ್ಪೆ ಬೇರೆ ತಿರುಳು ಬೇರೆ ಆಗುವ ನೀಲಿ ದ್ರಾಕ್ಷಿ. ನಮ್ಮಪ್ಪನಿಗೂ ಒಂದು ಸಣ್ಣ ಚಪ್ಪರವಿತ್ತು. ನಾನು ಪಾದ್ರಿಗಳ ಶಾಲೆಯಲ್ಲಿ ಓದಿ ಅಷ್ಟಿಷ್ಟು ಇಂಗ್ಲಿಷ್ ಕಲಿತಿದ್ದೆ. ದಂಡು ಪ್ರದೇಶದಲ್ಲಿದ್ದ ಒಂದು ಪ್ರವಾಸದ ಕಂಪನಿಗೆ ದ್ರಾಕ್ಷಿ ತೋಟ ತೋರಿಸಿ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುವ ಆಳು ಬೇಕಾಗಿತ್ತು, ನನ್ನನ್ನು ತೆಗೆದುಕೊಂಡರು. ಟೈ ಕಟ್ಟಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತು ಊರಿನೊಳಗೆ ಬಂದ ದಿನ ನಮ್ಮಮ್ಮ ದೃಷ್ಟಿ ತೆಗೆದಳು. ದೃಷ್ಟಿ ತಾಗುವಂಥದ್ದು ಆ ಕೆಲಸದಲ್ಲಿ ಏನೂ ಇರಲಿಲ್ಲ ಅಂತ ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ.

ನಮ್ಮ ಅತಿಥಿಗಳು ಯಾರು ಅಂದರೆ, ಇಲ್ಲಿ ಕಾರ್ಖಾನೆ ಹಾಕಲು ಬಂದ ವಿದೇಶಿ ಎಂಜಿನಿಯರುಗಳು, ಕಾಫಿ ಎಸ್ಟೇಟಿನ ದೊರೆಗಳು, ದೆಹಲಿಯಿಂದ ರಜೆ ಕಳೆಯಲು ಬರುವ ದೂತಾವಾಸದವರು. ಎಲ್ಲರಿಗೂ ವೈನಿನ ಹುಚ್ಚು. ಅವರವರ ದೇಶದ ಸಮುದ್ರ ತೀರಗಳಲ್ಲಿ ಬಿಸಿಲು ಕಾಯುತ್ತಾ ವೈನ್ ಕುಡಿದ ನೆನಪನ್ನು ಇಲ್ಲಿಯೂ ಮಾಡಿಕೊಡಬೇಕು, ಅದೇ ನಮ್ಮ ವ್ಯಾಪಾರ. ಮ್ಯಾನೇಜರ್ ಅನ್ನಿಸಿಕೊಂಡವರು ಕೋಟಿನ ಜೇಬಿನಲ್ಲಿ ರೇಷ್ಮೆ ಕರವಸ್ತ್ರ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಅವರು ಕಲಿಸಿದ ಪಾಠ ಒಂದೇ: "ಗೆಸ್ಟ್‌ಗೆ ತೊಂದ್ರೆ ಆಗ್ಬಾರ್ದು. ಮಿಕ್ಕಿದ್ದೆಲ್ಲ ಆಮೇಲೆ ನೋಡ್ಕೊಳ್ಳೋಣ." ಮಿಕ್ಕಿದ್ದು ಅಂದರೆ ನಾವು.

ಒಂದು ಸಲ ರಾಜಾನುಕುಂಟೆಯ ಮುನಿಯಮ್ಮನ ತೋಟಕ್ಕೆ ಗುಂಪೊಂದನ್ನು ಕರೆದುಕೊಂಡು ಹೋದೆ. ಮುನಿಯಮ್ಮ ವಯಸ್ಸಾದ ಹೆಂಗಸು, ಚಪ್ಪರದ ಕೆಲಸ ಪೂರ್ತಿ ಅವಳದೇ. ಅತಿಥಿಗಳ ದೇಶದಲ್ಲಿ ಹಣ್ಣನ್ನು ತೊಟ್ಟಿಗೆ ಸುರಿದು ಕಾಲಿನಲ್ಲಿ ತುಳಿದು ರಸ ತೆಗೆಯುತ್ತಾರಂತೆ, ಅದನ್ನು ಇಲ್ಲೂ ಮಾಡಬೇಕು, ಫೋಟೋ ತೆಗೆಯಬೇಕು ಅಂತ ಮ್ಯಾನೇಜರ್ ಹೇಳಿ ಕಳಿಸಿದ್ದರು. ನಾನು ಹೇಗೋ ಹೇಳಿದೆ. ಮುನಿಯಮ್ಮ ಕೈಯಲ್ಲಿದ್ದ ಗೊಂಚಲನ್ನು ಬುಟ್ಟಿಗಿಟ್ಟು ನನ್ನನ್ನೇ ನೋಡಿದಳು.

"ತಿನ್ನೋ ಅಣ್ಣಿನ ಮ್ಯಾಲೆ ಕಾಲಿಡ್ತಾರೇನಪ್ಪಾ? ಇಂಗೂ ಮಾಡ್ತಾರಾ?" ಅಂದಳು. "ನೋಡಾಕ್ ಬಂದವ್ರೆ, ನೋಡ್ಕಂಡ್ ಓಗ್ಲಿ. ತಿಂತೀವಿ ಅಂದ್ರೆ ತಿನ್ಲಿ, ನಾನೇ ಕೊಯ್ದು ಕೊಡ್ತೀನಿ. ತುಳಿಯಾಕ್ ಮಾತ್ರ ಬ್ಯಾಡ."

ನನಗೆ ಅವಳ ಮಾತು ಸರಿ ಅನ್ನಿಸಿತು. ನಮ್ಮ ಮನೆಯಲ್ಲೂ ಕಾಲಿಗೆ ಒಂದು ಹಣ್ಣು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು. ಹಾಗಂತ ಅತಿಥಿಗಳಿಗೆ ಹೇಳಿದೆ, ಅವರು ನಕ್ಕು ಸುಮ್ಮನಾದರು. ಮ್ಯಾನೇಜರ್ ಸುಮ್ಮನಾಗಲಿಲ್ಲ. ಮಾರನೆಯ ದಿನ ಮಾರುಕಟ್ಟೆಯಿಂದ ಬುಟ್ಟಿಗಟ್ಟಲೆ ಹಣ್ಣು ತರಿಸಿ, ಹೋಟೆಲಿನ ಹುಲ್ಲಿನ ಮೇಲೆ ಹಿತ್ತಾಳೆ ಕೊಳಗ ಇಡಿಸಿ, ಎಲ್ಲರನ್ನೂ ಅದರೊಳಗೆ ಇಳಿಸಿ ಕುಣಿಸಿದರು. ಫೋಟೋ ತೆಗೆದದ್ದಾಯಿತು. ಆ ರಸವನ್ನು ಒಬ್ಬರೂ ಬಾಯಿಗೆ ಹಾಕಲಿಲ್ಲ, ಅಡುಗೆಯವರು ಎತ್ತಿ ಚರಂಡಿಗೆ ಸುರಿದರು. ಒಂದು ಸಂಸಾರ ವರ್ಷವಿಡೀ ಬೆನ್ನು ಬಗ್ಗಿಸಿ ಬೆಳೆದದ್ದು ಹಾಗೆ ಚರಂಡಿಗೆ ಹೋಗುವುದನ್ನು ನೋಡುತ್ತಾ ನಿಂತಿದ್ದೆ. ಇವತ್ತು ಇದನ್ನೇ "ಅನುಭವ" ಅಂತ ಹೆಸರಿಟ್ಟು ಮಾರುತ್ತಾರಂತೆ. ಹೆಸರು ಬದಲಾಗಿದೆ, ಕೊಳಗ ಅದೇ.

ಗೋವಾ ನಮ್ಮ ದೇಶಕ್ಕೆ ಸೇರಿದ ಮೇಲೆ ಕಂಪನಿಗೆ ಸುಗ್ಗಿ. ಯಶವಂತಪುರ ದಾಟಿ ಹೊರಟರೆ ಘಟ್ಟ ಇಳಿದು, ಕಾರವಾರದ ಕಡಲು ನೋಡಿ, ಗೋವಾಕ್ಕೆ ಹೋಗಿ, ಅಲ್ಲಿ ಹಳೆಯ ಮನೆತನಗಳ ನೆಲಮಾಳಿಗೆಯಲ್ಲಿ ಉಳಿದಿದ್ದ ಪೋರ್ಚುಗಲ್ಲಿನ ವೈನ್ ರುಚಿ ನೋಡಿ, ದೋಣಿಯಲ್ಲಿ ದ್ವೀಪಗಳಿಗೆ ದಾಟಿ ಬಿಸಿಲಲ್ಲಿ ಬಿದ್ದುಕೊಳ್ಳುವುದು. ಆ ಪ್ರಯಾಣಕ್ಕೆ ಡ್ರೈವರ್ ಯಾವಾಗಲೂ ಖಾದರ್ ಭಾಯ್. ಅವರೂ ಹೆಬ್ಬಾಳದವರೇ, ನಮ್ಮ ತೋಟದ ಆಚೆ ಬೀದಿಯಲ್ಲಿ ಮನೆ. ನನಗಿಂತ ಬಹಳ ದೊಡ್ಡವರು. ಬಿಳಿ ಟೋಪಿ, ಅಚ್ಚುಕಟ್ಟಾಗಿ ಕತ್ತರಿಸಿದ ಗಡ್ಡ. ನಮಾಜಿನ ಹೊತ್ತಾದರೆ ಎಷ್ಟು ದೊಡ್ಡ ದೊರೆ ಕಾರಿನಲ್ಲಿದ್ದರೂ ನೆರಳು ನೋಡಿ ನಿಲ್ಲಿಸಿ, ಚಾಪೆ ಹಾಸಿ ನಮಾಜು ಮುಗಿಸಿಯೇ ಮುಂದಕ್ಕೆ. ವೈನ್ ತಾಗಿದ ಲೋಟವನ್ನು ಕೂಡ ಅವರು ಮುಟ್ಟುತ್ತಿರಲಿಲ್ಲ, ತೊಳೆಯುವ ಕೆಲಸ ನನ್ನದು. ಅವರನ್ನೇ ಈ ದಾರಿಗೆ ಯಾಕೆ ಹಾಕುತ್ತಾರೆ ಅಂತ ಕೇಳಿದಾಗ ಮ್ಯಾನೇಜರ್, "ಘಟ್ಟದಲ್ಲಿ ಅವರಷ್ಟು ಚೆನ್ನಾಗಿ ಯಾರು ಗಾಡಿ ಇಳಿಸ್ತಾರೆ ಹೇಳು" ಅಂದಿದ್ದರು. ನಾನು ನಂಬಿದ್ದೆ.

ನಾವಿಬ್ಬರೂ ಸೇರಿ ಮಾಡಿದ ಒಂದು ಎಡವಟ್ಟನ್ನು ಇಲ್ಲಿ ಹೇಳಲೇಬೇಕು. ಮೊದಲ ಸಲ ದ್ವೀಪಕ್ಕೆ ಹೋದಾಗ ಐಸು ಕರಗಿಹೋಗಿತ್ತು. ಬಿಳಿ ವೈನ್ ತಣ್ಣಗಿರಬೇಕು ಅಂತ ಮ್ಯಾನೇಜರ್ ಕೂಗಾಡಿದರು. ಹೆಬ್ಬಾಳದ ಕೆರೆಯ ಅಂಚಿನಲ್ಲಿ ನಾವು ಚಿಕ್ಕಂದಿನಿಂದ ಮಜ್ಜಿಗೆ ಗಡಿಗೆಯನ್ನು ಒದ್ದೆ ಮರಳಿನಲ್ಲಿ ಹೂತು ತಣ್ಣಗೆ ಮಾಡಿಕೊಂಡವರು. ಅದೇ ಬುದ್ಧಿ ಉಪಯೋಗಿಸಿದೆವು. ಖಾದರ್ ಭಾಯ್ ಕಡ್ಡಿಯಿಂದ ಗುಂಡಿ ತೋಡಿಕೊಟ್ಟರು, ನಾನು ನೀರಿನಂಚಿನ ಮರಳಲ್ಲಿ ಬಾಟಲಿಗಳನ್ನು ಸಾಲಾಗಿ ಹೂತೆ, ಗುರುತಿಗೆ ಕಡ್ಡಿ ನೆಟ್ಟೆ. ಊಟದ ಮೇಜು ಹಾಕಿ ತಿರುಗಿ ಬಂದು ನೋಡಿದರೆ ಕಡ್ಡಿಯೂ ಇಲ್ಲ, ಮರಳೂ ಇಲ್ಲ, ಅಲ್ಲೆಲ್ಲ ಮೊಣಕಾಲವರೆಗೆ ನೀರು.

"ಅರೆ ಚಲಪತಿ, ಈ ಕೆರೆ ಮೇಲಕ್ಕೆ ಬರುತ್ತಲ್ಲೋ!" ಅಂದರು ಖಾದರ್ ಭಾಯ್.

ಸಮುದ್ರ ಏರಿ ಇಳಿಯುತ್ತದೆ ಅಂತ ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಅದು ಹೀಗೆ ಊಟದ ಹೊತ್ತಿಗೆ ಸರಿಯಾಗಿ ಬಂದು ನಮ್ಮ ಬಾಟಲಿ ನುಂಗುತ್ತದೆ ಅಂತ ಯಾರು ಕಂಡಿದ್ದರು? ಪ್ಯಾಂಟು ಮಡಚಿಕೊಂಡು ಇಬ್ಬರೂ ನೀರಲ್ಲಿ ಕಾಲಾಡಿಸಿದೆವು. ದೋಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರ್ ನನ್ನನ್ನು ಅಷ್ಟೂ ಜನರ ಮುಂದೆ ಗೂಬೆ ಅಂದರು. ಆ ಬೈಗುಳ ನ್ಯಾಯವಾದದ್ದೇ, ಅದಕ್ಕೆ ನನಗೆ ಸಿಟ್ಟಿಲ್ಲ.

ಸಿಟ್ಟು ಇರುವುದು ಮುಂದಿನದಕ್ಕೆ. ಆ ಕಾಲದಲ್ಲಿ ನಮ್ಮ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಹೆಂಡ ಸಾರಾಯಿ ಸಿಗುತ್ತಿತ್ತು, ಕೆಲವು ಜಿಲ್ಲೆಗಳಲ್ಲಿ ಪೂರಾ ಪಾನನಿಷೇಧ. ಗೋವಾದ ದಾರಿ ನಿಷೇಧವಿದ್ದ ಸೀಮೆಯ ಮೂಲಕವೇ ಹೋಗಬೇಕು. ವಿದೇಶದವರಿಗೆ ಪರ್ಮಿಟ್ ಕೊಡುತ್ತಿದ್ದರು. ಅದರಲ್ಲಿ ಬರೆದಷ್ಟು ಬಾಟಲಿಯನ್ನು ಅವರು ಜೊತೆಗೆ ಒಯ್ಯಬಹುದು, ಹೆಚ್ಚು ಸಿಕ್ಕರೆ ಕೇಸು. ದಾರಿಯುದ್ದಕ್ಕೂ ಕುಡಿಯುವ ನಮ್ಮ ಅತಿಥಿಗಳಿಗೆ ಅಷ್ಟು ಸಾಲುತ್ತಿರಲಿಲ್ಲ. ಘಟ್ಟದ ಮೇಲೊಂದು ತಪಾಸಣೆಯ ನಾಕಾ ಇತ್ತು. ಬೇರೆ ಗಾಡಿಗಳನ್ನು ತಲೆಕೆಳಗು ಮಾಡಿ ಹುಡುಕುತ್ತಿದ್ದ ಅಲ್ಲಿನ ಕಾನ್‌ಸ್ಟೇಬಲ್‌ಗಳು ನಮ್ಮ ಕಾರು ಕಂಡ ಕೂಡಲೇ, "ಖಾದರ್ ಭಾಯ್ ಗಾಡಿ, ಬಿಡ್ರೋ" ಅಂತ ಅಡ್ಡಗಂಬ ಎತ್ತಿಬಿಡುತ್ತಿದ್ದರು. ಅಲ್ಲಿಯೇ ಪಕ್ಕದಲ್ಲಿ ಅವರು ನಮಾಜು ಮಾಡುವುದನ್ನು ನೋಡಿದ್ದವರು ಅವರು. ಅಂಥ ಮನುಷ್ಯನ ಗಾಡಿಯಲ್ಲಿ ಏನು ಇದ್ದೀತು ಅಂತ.

ಖಾದರ್ ಭಾಯ್ ಸೀಟಿನ ಕೆಳಗೆ ಒಂದು ಮರದ ಪೆಟ್ಟಿಗೆ ಇತ್ತು, ಬೀಗದ ಕೈ ಮ್ಯಾನೇಜರ್ ಹತ್ತಿರ. ಬೆಳ್ಳಿ ಚಮಚ, ಒಳ್ಳೆಯ ಲೋಟಗಳು ಇವೆ ಅಂತ ನಮಗಿಬ್ಬರಿಗೂ ಹೇಳಿದ್ದರು. ಅದರ ಮೇಲೆಯೇ ಖಾದರ್ ಭಾಯ್ ತಮ್ಮ ನಮಾಜಿನ ಚಾಪೆ ಸುತ್ತಿ ಇಟ್ಟುಕೊಳ್ಳುತ್ತಿದ್ದರು.

ಒಂದು ಸಲ ಹಾಗೇ ಗೋವಾಕ್ಕೆ ಹೊರಟಾಗ ನಮ್ಮ ಕಾರಿನಲ್ಲಿದ್ದವರು ಒಬ್ಬ ವಿದೇಶಿ ವ್ಯಾಪಾರಿ. ನಾವು ದೊಡ್ಡ ಸಾಹೇಬರು ಅನ್ನುತ್ತಿದ್ದೆವು. ಮ್ಯಾನೇಜರ್ ಮತ್ತು ಸಾಮಾನು ಹಿಂದಿನ ಕಾರಿನಲ್ಲಿ. ಮಧ್ಯಾಹ್ನ ಊಟ ಮುಗಿಸಿ ಸಾಹೇಬರು ಹಿಂದಿನ ಸೀಟಿನಲ್ಲಿ ಪರದೆ ಎಳೆದುಕೊಂಡು ಮಲಗಿದ್ದರು. ನಾಕಾದಲ್ಲಿ ಹೊಸ ಇನ್‌ಸ್ಪೆಕ್ಟರ್ ಬಂದಿದ್ದರು. ಅವರಿಗೆ ಖಾದರ್ ಭಾಯ್ ಗೊತ್ತಿಲ್ಲ. ಇಳಿಯಿರಿ ಅಂದರು, ಸೀಟು ಎತ್ತಿಸಿದರು, ಪೆಟ್ಟಿಗೆಯ ಬೀಗ ಒಡೆಸಿದರು. ಚಾಪೆಯನ್ನು ಪಕ್ಕಕ್ಕೆ ಎಸೆದು ಮುಚ್ಚಳ ತೆಗೆದರೆ ಒಳಗೆ ಚಮಚವೂ ಇಲ್ಲ, ಲೋಟವೂ ಇಲ್ಲ. ಹುಲ್ಲಿನಲ್ಲಿ ಸುತ್ತಿ ಮಲಗಿಸಿದ ವೈನ್ ಬಾಟಲಿಗಳು.

ನನಗೆ ಆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಪರ್ಮಿಟ್ಟಿಗಿಂತ ಹೆಚ್ಚಿನ ಬಾಟಲಿಗಳು ಇಷ್ಟು ದಿನ ಹೋಗುತ್ತಿದ್ದದ್ದು ಖಾದರ್ ಭಾಯ್ ಟೋಪಿಯ ಮರೆಯಲ್ಲಿ. ಘಟ್ಟ ಇಳಿಸುವ ಜಾಣತನಕ್ಕಲ್ಲ, ನಮಾಜಿಗಾಗಿ ಅವರನ್ನು ಆರಿಸಿದ್ದರು. ಆ ಮನುಷ್ಯನ ದೈವಭಕ್ತಿಯನ್ನು ಈ ಜನ ಪರದೆ ಮಾಡಿಕೊಂಡಿದ್ದರು.

ಖಾದರ್ ಭಾಯ್ ಮಣ್ಣಿನಲ್ಲಿ ಬಿದ್ದಿದ್ದ ಚಾಪೆಯನ್ನು ಎತ್ತಿ ಕೊಡವಿ ಎದೆಗೆ ಹಿಡಿದುಕೊಂಡು ನಿಂತರು. ನಾನು ಕಾರಿನ ಗಾಜು ಬಡಿದೆ. ಸಾಹೇಬರು ಪರದೆ ಸರಿಸಿದರು. ಈ ಬಾಟಲಿಗಳು ನಿಮ್ಮವು ಅಂತ ಹೇಳಿಬಿಡಿ ಸ್ವಾಮಿ, ಬೆಳಗ್ಗೆ ಹೋಟೆಲಿನ ಹಿತ್ತಲಲ್ಲಿ ನೀವೇ ಮ್ಯಾನೇಜರ್ ಕೈಗೆ ಕೊಡುತ್ತಿದ್ದುದನ್ನು ನಾನು ಕಂಡಿದ್ದೇನೆ, ಅಂತ ಇಂಗ್ಲಿಷಿನಲ್ಲಿ ಅಂದೆ. ಅವರು ಇನ್‌ಸ್ಪೆಕ್ಟರನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ತನ್ನ ಬಾಟಲಿಗಳೆಲ್ಲ ಹಿಂದಿನ ಕಾರಿನಲ್ಲಿರುವ ತನ್ನ ಪೆಟ್ಟಿಗೆಯಲ್ಲಿವೆ, ಪರ್ಮಿಟ್ಟೂ ಇದೆ, ಡ್ರೈವರಿನ ಸೀಟಿನ ಕೆಳಗಿನದನ್ನು ಡ್ರೈವರನ್ನೇ ಕೇಳಿ ಅಂದು ಪರದೆ ಎಳೆದುಕೊಂಡರು.

ಅಷ್ಟರಲ್ಲಿ ಹಿಂದಿನ ಕಾರು ಬಂತು. ಮ್ಯಾನೇಜರ್ ಇಳಿದವರೇ ರೇಷ್ಮೆ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡು ಇನ್‌ಸ್ಪೆಕ್ಟರಿಗೆ ಹೇಳಿದರು: "ಡ್ರೈವರ್ ಕದ್ದು ಇಟ್ಕೊಂಡಿರ್ಬೇಕು ಸಾರ್. ಈ ಜನಾನ ನಂಬೋ ಹಾಗೇ ಇಲ್ಲ."

"ಏನ್ ಸಾರ್ ಹೀಗಂತೀರಿ? ಬೀಗದ ಕೈ ನಿಮ್ ಜೇಬಲ್ಲಿದೆ!" ಅಂತ ನಾನು ಕೂಗಿದೆ.

ಮ್ಯಾನೇಜರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಬಾಯ್ ಮುಚ್ಚೋ. ಸಾಹೇಬ್ರಿಗೆ ಸೂರ್ಯ ಮುಳುಗೋದ್ರೊಳಗೆ ಕಡಲ ತೀರ ತಲುಪ್ಬೇಕು. ಅವನು ಒಪ್ಕೊಂಡು ಬಿಡ್ಲಿ, ದಂಡ ಕಂಪನಿ ಕಟ್ಟುತ್ತೆ. ಅವನಿಗೇನು ನಷ್ಟ?"

ಅವನಿಗೇನು ನಷ್ಟ! ಎಷ್ಟು ವರ್ಷಗಳಾದರೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ನನ್ನ ಬಾಯಿಂದ ಕೆಟ್ಟ ಬೈಗುಳ ಬಂತು, ಅದನ್ನು ಇಲ್ಲಿ ಬರೆಯುವುದಿಲ್ಲ. ಮ್ಯಾನೇಜರ್ ದೊಡ್ಡ ಸಾಹೇಬರನ್ನು ತಮ್ಮ ಕಾರಿಗೆ ಹತ್ತಿಸಿಕೊಂಡರು, ಸಮುದ್ರದ ಕಡೆಗೆ ಹೊರಟೇಹೋದರು. ನಾನು ಹತ್ತಲಿಲ್ಲ. ಕುತ್ತಿಗೆಯ ಟೈ ಕಿತ್ತು ಅಲ್ಲೇ ಬಿಸುಟೆ, ಖಾದರ್ ಭಾಯ್ ಜೊತೆ ಠಾಣೆಗೆ ನಡೆದೆ.

ಠಾಣೆಯಲ್ಲಿ ಕಂಪನಿಯ ಕಡೆಯ ವಕೀಲರೊಬ್ಬರು ಬಂದು ಅದನ್ನೇ ಹೇಳಿದರು. ಒಪ್ಪಿಕೊಂಡರೆ ಸಂಜೆಯೊಳಗೆ ಮನೆ ದಾರಿ ಹಿಡಿಯಬಹುದು, ಇಲ್ಲವಾದರೆ ಎಳೆದಾಟ. ಅವತ್ತಿನ ಮಟ್ಟಿಗೆ ಅದು ಸುಲಭದ ದಾರಿ ಅಂತ ನನಗೂ ಗೊತ್ತಿತ್ತು. ಖಾದರ್ ಭಾಯ್ ತಲೆ ಅಲ್ಲಾಡಿಸಿದರು.

"ಗಾಡಿ ಎಲ್ಲಾದ್ರೂ ಗುದ್ದಿದ್ರೆ ಒಪ್ಕೋತಿದ್ದೆ ವಕೀಲ್ ಸಾಬ್. ಇದನ್ನ ಹೆಂಗೆ ಒಪ್ಕೊಳ್ಳಿ? ಶುಕ್ರವಾರ ಮಸೀದೀಲಿ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಒಪ್ಪಿಕೊಳ್ಳದೆ ಲಾಕಪ್ಪಿನಲ್ಲೇ ಕೂತರು. ಜಾಮೀನು ಸಿಗುವವರೆಗೆ ಅಲ್ಲೇ ನಮಾಜು, ಅಲ್ಲೇ ಊಟ. ನಾನು ಬಸ್ಸು ಹಿಡಿದು ಗೋವಾದ ಹೋಟೆಲಿಗೆ ಹೋದೆ. ಒಂದು ಮಾತು ಸಾಹೇಬರ ಬಾಯಿಂದ ಬಂದರೆ ಸಾಕಾಗಿತ್ತು. ಅವರು ದ್ವೀಪಕ್ಕೆ ಹೊರಡಲು ದೋಣಿಯ ಹತ್ತಿರ ನಿಂತಿದ್ದರು, ಹುಲ್ಲಿನ ಟೋಪಿ, ಕಪ್ಪು ಕನ್ನಡಕ. ನಾನು ಎಲ್ಲ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡು, ಪಾಪ, ಒಳ್ಳೆಯ ಡ್ರೈವರ್ ಅವನು, ಆದರೆ ನನ್ನ ಹೆಸರು ಇಂಥದ್ದರಲ್ಲಿ ಬರಬಾರದು ಅಂದರು. ದೋಣಿ ಹತ್ತಿದರು. ತನ್ನ ಹೆಸರಿನ ಬೆಲೆ ಗೊತ್ತಿತ್ತು ಆ ಮನುಷ್ಯನಿಗೆ, ಇನ್ನೊಬ್ಬನಿಗೂ ಒಂದು ಹೆಸರಿದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ದಡದಲ್ಲಿ ನಿಂತು ನಾಚಿಕೆಯಿಲ್ಲದೆ ಅತ್ತೆ, ದುಃಖಕ್ಕಿಂತ ಸಿಟ್ಟಿಗೆ.

ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಿದೆ. ಬಾಟಲಿಗಳು ಯಾರವು ಅಂತ ಖಚಿತವಾಗಲಿಲ್ಲ ಅಂತ ಹೇಳಿ ಕೇಸು ಮುಚ್ಚಿದರು. ಅಪರಾಧಿ ಅನ್ನಲಿಲ್ಲ, ನಿರಪರಾಧಿ ಅಂತಲೂ ಹೇಳಲಿಲ್ಲ. ಆ ಖಚಿತವಾಗದ್ದನ್ನು ಹೊತ್ತುಕೊಂಡು ಖಾದರ್ ಭಾಯ್ ಹೆಬ್ಬಾಳಕ್ಕೆ ಬಂದರು. ಮಸೀದಿಯಲ್ಲಿ ಯಾರೂ ಕೆಟ್ಟ ಮಾತು ಆಡಲಿಲ್ಲ, ಅದು ನಿಜ. ಆದರೆ ರಂಜಾನಿನಲ್ಲಿ ಗಂಜಿ ಹಂಚುವ ಕೆಲಸ ಮೊದಲಿನಿಂದಲೂ ಅವರದು, ಆ ವರ್ಷ ಅವರು ಹೋಗಿ ನಿಲ್ಲುವುದಕ್ಕೆ ಮುಂಚೆಯೇ ಇನ್ನೊಬ್ಬರು ಸೌಟು ಹಿಡಿದಿದ್ದರು. ನಮಾಜಿಗೆ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಖಾದರ್ ಭಾಯ್ ತಾವಾಗಿಯೇ ಕೊನೆಯ ಸಾಲಿಗೆ ಹೋದರು. ನಾನು ಒಂದು ಶುಕ್ರವಾರ ಹೋಗಿ ಮಸೀದಿಯ ಬಾಗಿಲ ಹತ್ತಿರ ಹಿರಿಯರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬೆನ್ನು ತಟ್ಟಿದರು.

"ನಿನ್ ಮಾತ್ ನಂಬ್ತೀವಿ ಮಗಾ," ಅಂದರು ಒಬ್ಬರು. "ಆದ್ರೆ ನೀನು ಅವರ ದೋಸ್ತು. ಬೀಗದ ಕೈ ಇಟ್ಕೊಂಡಿದ್ದೋರು ಯಾಕ್ ಬಂದು ಹೇಳಲ್ಲ?"

ಅದನ್ನೇ ಹೋಗಿ ಮ್ಯಾನೇಜರಿಗೆ ಹೇಳಿದೆ. ಒಂದು ಸಲ ಬಂದು ಆ ಜನರ ಮುಂದೆ ಎರಡು ಮಾತು ಹೇಳಿ, ಪೆಟ್ಟಿಗೆ ನಮ್ಮದು, ಅವನಿಗೆ ಗೊತ್ತಿರಲಿಲ್ಲ ಅಂತ. ಅವರು ನಕ್ಕರು. "ಹೆಬ್ಬಾಳದಲ್ಲಿ ಯಾರೋ ನಾಲ್ಕು ಜನ ಏನ್ ಅಂದ್ಕೊಂಡ್ರೆ ಕಂಪನಿಗೇನಯ್ಯ?" ನನ್ನ ಕೆಲಸ ಹೋಗಿದೆ ಅಂತಲೂ ಅವತ್ತೇ ತಿಳಿಸಿದರು. ಆ ಟೈ ಬಿಸುಟ ದಿನವೇ ಅದು ಹೋಗಿತ್ತು, ಇವರು ಹೇಳುವುದು ಬಾಕಿಯಿತ್ತು ಅಷ್ಟೆ.

ಖಾದರ್ ಭಾಯ್ ಆಮೇಲೆ ಯಲಹಂಕ, ರಾಜಾನುಕುಂಟೆ ಕಡೆಯಿಂದ ಮಾರುಕಟ್ಟೆಗೆ ದ್ರಾಕ್ಷಿ ಸಾಗಿಸುವ ಲಾರಿ ಹಿಡಿದರು. ಆ ಲಾರಿಯ ಸೀಟಿನ ಕೆಳಗೆ ಏನನ್ನೂ ಇಡಲು ಬಿಡುತ್ತಿರಲಿಲ್ಲ, ಜಾಕನ್ನು ಕೂಡ ಹೊರಗೆ ಹಗ್ಗದಲ್ಲಿ ಕಟ್ಟಿಸಿದ್ದರು. ಚಾಪೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು, ದಾರಿಯಲ್ಲಿ ಭುಜದ ಮೇಲಿನ ಟವಲು ಹಾಸಿಕೊಂಡು ನಮಾಜು ಮಾಡುತ್ತಿದ್ದರು.

ಮುಂದಿನ ಸೀಸನ್ನಿನಲ್ಲಿ ಒಂದು ಬೆಳಗ್ಗೆ ಕಂಪನಿಯ ದೊಡ್ಡ ಕಾರು ಅವರ ಬೀದಿಗೆ ಬಂದು ನಿಂತಿತು. ನಾನು ನಮ್ಮ ಚಪ್ಪರದಲ್ಲಿದ್ದೆ, ಓಡಿಬಂದೆ. ಮ್ಯಾನೇಜರ್ ಇಳಿದರು. ನನ್ನ ಕಡೆ ನೋಡದೆ ನೇರವಾಗಿ ಖಾದರ್ ಭಾಯ್ ಹತ್ತಿರ ಹೋದರು. ಲಾರಿಗೆ ಬುಟ್ಟಿ ಏರಿಸುತ್ತಿದ್ದ ಅವರು ಕೈ ಒರೆಸಿಕೊಂಡು ನಿಂತರು. ಮಸೀದಿಯ ಕಡೆಯಿಂದ ಬರುತ್ತಿದ್ದ ಕೆಲವರೂ ನಿಂತರು.

"ಆಗಿದ್ದು ಆಗ್ಹೋಯ್ತು ಖಾದರ್, ವಾಪಸ್ ಬಾ," ಅಂದರು ಮ್ಯಾನೇಜರ್. "ನೀನು ಬಿಟ್ಮೇಲೆ ಎಲ್ಲಾ ನಾಕಾದಲ್ಲೂ ಗಾಡಿ ಬಿಚ್ಚಿ ನೋಡ್ತಾರೆ. ಗೆಸ್ಟ್‌ಗಳನ್ನೆಲ್ಲ ಬಿಸಿಲಲ್ಲಿ ಇಳಿಸಿ ನಿಲ್ಲಿಸ್ತಾರೆ. ನಿನ್ ಹೆಸರು ಹೇಳಿದ್ರೆ ಹಾಗೇ ಬಿಡ್ತಿದ್ರು."

ನಾಚಿಕೆ ಅನ್ನುವುದು ಆ ಮುಖದ ಹತ್ತಿರ ಕೂಡ ಸುಳಿದಿರಲಿಲ್ಲ. ನಾನು ಮುಂದಕ್ಕೆ ಹೋದೆ, ಖಾದರ್ ಭಾಯ್ ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಅವರ ದನಿ ಏರಲಿಲ್ಲ.

"ನನ್ ಹೆಸರು ಕೇಳ್ಕೊಂಡು ಬಂದ್ರಾ ಸಾರ್? ಅದು ನನ್ ಹತ್ರ ಇಲ್ಲ. ಆವತ್ತು ನಾಕಾದಲ್ಲಿ ನೀವೇ ತೆಗೆದು ಕೊಟ್ಟುಬಿಟ್ರಿ. ಹೋಗಿ ಬಿಡಿಸ್ಕೊಂಡು ಬನ್ನಿ, ಇಲ್ಲೇ ಇವರೆಲ್ಲರ ಮುಂದೆ ನನಗೆ ವಾಪಸ್ ಕೊಡಿ. ಆಮೇಲೆ ನಿಮ್ ಗಾಡಿ ಓಡಿಸ್ತೀನೋ ಇಲ್ವೋ ಯೋಚ್ನೆ ಮಾಡ್ತೀನಿ."

ಮ್ಯಾನೇಜರ್ ಸುತ್ತ ನಿಂತವರನ್ನು ನೋಡಿದರು. ಹೇಳಬೇಕಾಗಿದ್ದ ಎರಡು ಮಾತು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಅವರು ಕಾರು ಹತ್ತಿ ಬಾಗಿಲು ಹಾಕಿಕೊಂಡರು.

ಕಾರು ಹೋದ ಮೇಲೆ, ನಿಂತಿದ್ದವರಲ್ಲಿ ಆ ರಂಜಾನಿನಲ್ಲಿ ಗಂಜಿಯ ಸೌಟು ಹಿಡಿದಿದ್ದ ಮನುಷ್ಯ ಮುಂದೆ ಬಂದು ಒಂದು ಬುಟ್ಟಿ ಎತ್ತಿದ. ಖಾದರ್ ಭಾಯ್ ಇನ್ನೊಂದು ಕಡೆ ಕೈ ಕೊಟ್ಟರು. ಇಬ್ಬರೂ ಸೇರಿ ಅದನ್ನು ಲಾರಿಗೆ ಏರಿಸಿದರು.